ಕಸಬು ಕಲಿಯುವವರ ಮನೆತನವೂ ಕಲಿಕೆಯ ಬಾಗಿಲೂ
(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಕಾಯಕದಲ್ಲಿ ಮೇಲುಕೀಳೆಂಬುದಿಲ್ಲವೆಂದು 12ನೆಯ ಶತಮಾನದ ಶರಣರು ಸಾರಿದರು. ಈ ತತ್ತ್ವವನ್ನೊಪ್ಪಿದವರು ಅದರ ಬೆನ್ನಿಗೇ ಬರುವ ಮತ್ತೊಂದು ಪ್ರಶ್ನೆಗೂ ಉತ್ತರ ಹೇಳಬೇಕಾಗುವುದು. ಕಾಯಕದಲ್ಲಿ ಭೇದವಿಲ್ಲವಾದರೆ ಅದನ್ನು ಕಲಿಯುವುದರಲ್ಲಿ ಭೇದವಿರಬಹುದೇ? ಎಂತಹ ಮನೆಯ ಮಗನು, ಎಂತಹ ಮನೆಯ ಮಗಳು ಯಾವ ಕಸಬಿಗೆ ಶಿಷ್ಯರಾಗಿ ಸೇರಬಲ್ಲರೆಂಬುದೇ ಈ ಹೊತ್ತಿನ ವಿಚಾರವು.

ಭಾರತದೇಶದಲ್ಲಿ ಬಹುಕಾಲ ಕಸಬಿನ ಪಾಠಶಾಲೆಯೆಂದರೆ ಮನೆಯೇ ಆಗಿದ್ದಿತು. ಅಕ್ಕಸಾಲಿಗನ ಮಗನು ಅಗ್ಗಿಷ್ಟಿಕೆಯ ಮುಂದೆ ಕುಳಿತು, ನೇಕಾರನ ಮಗಳು ರಾಟೆಯ ಬಳಿ ಕಂಡಿಕೆ ಸುತ್ತುತ್ತ, ವಿದ್ಯೆಯನ್ನು ಪಡೆಯುತ್ತಿದ್ದರು. ಅಲ್ಲಿ ಶುಲ್ಕವಿಲ್ಲ, ಕಲಿಯುವ ಕಾಲದಲ್ಲಿ ಅನ್ನವನ್ನು ಹೊರಗೆ ಬೇಡಬೇಕಾದುದಿಲ್ಲ. ಆದರೆ ಆ ಮನೆಯ ಗೋಡೆಯೇ ಹೊರಗಿನವನಿಗೆ ಕೋಟೆಯಾಯಿತು. ಹುಟ್ಟು ಒಬ್ಬನನ್ನು ಕೈಹಿಡಿದು ಕಲಿಸಿತು. ಮತ್ತೊಬ್ಬನನ್ನು ಹೊಸ್ತಿಲಿನಲ್ಲಿಯೇ ನಿಲ್ಲಿಸಿತು.

ಇಂಗ್ಲೆಂಡಿನಲ್ಲಿ ಆಸ್ತಿಯೂ ಹಣವೂ ತಡೆಯಾದುವು. ಅಲ್ಲಿನ 1563ರ ಶಾಸನವು ಕಸಬಿಗೆ ಕನಿಷ್ಠ 7 ವರ್ಷಗಳ ಶಿಷ್ಯತ್ವವನ್ನು ವಿಧಿಸಿತು. ಆದರೆ ಪಟ್ಟಣಗಳ ವರ್ತಕರು, ಅಕ್ಕಸಾಲಿಗರು ಮೊದಲಾದವರು ತಮ್ಮ ಮಕ್ಕಳನ್ನುಳಿದರೆ, ವರ್ಷಕ್ಕೆ 40 ಷಿಲಿಂಗ್ ಉತ್ಪತ್ತಿಯ ಭೂಮಿಯುಳ್ಳವರ ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳತಕ್ಕದ್ದೆಂದೂ ಅದೇ ಶಾಸನವು ಹೇಳಿತು. ಇದಲ್ಲದೆ ಕಲಿಸುವವನಿಗೆ ಮೊದಲೇ ಹಣ ತೆರುವ ವಾಡಿಕೆಯು ಬೆಳೆದು, 1710ರಿಂದ ಸರಕಾರವು ಆ ಹಣದ ಮೇಲೆ ತೆರಿಗೆಯನ್ನೇ ಹಾಕಿತು. ಬಡವರ ಮಕ್ಕಳಿಗೂ ಶಿಷ್ಯತ್ವವುಂಟು. ಅದರ ಬಗೆ ಬೇರೆ. 1601ರ ಬಡವರ ಕಾಯಿದೆಯಂತೆ ಊರಿನ ಅಧಿಕಾರಿಗಳು ಹುಡುಗನನ್ನು 24 ವರ್ಷ ತುಂಬುವವರೆಗೆ, ಹುಡುಗಿಯನ್ನು 21 ವರ್ಷ ತುಂಬುವ ಅಥವಾ ಮದುವೆಯಾಗುವವರೆಗೆ ಪರರ ಮನೆಗೆ ಒಪ್ಪಿಸಬಹುದಾಗಿತ್ತು. ಅವರಲ್ಲಿ ಬಹುಜನರ ಪಾಲಿಗೆ ಬಂದುದು ಹೊಲದ ದುಡಿಮೆ, ಮನೆಗೆಲಸ. ಹೆಸರು ಒಂದೇ, ಫಲ ಎರಡು.

1563ರ ಶಾಸನದ ಈ ನಿರ್ಬಂಧಗಳು 1814ರಲ್ಲಿ ರದ್ದಾದುವು. ಅಷ್ಟರಿಂದ ಭೇದವು ಅಳಿಯಿತೆನ್ನಲಾಗದು. 2017ರಲ್ಲಿ ಬ್ರಿಟನ್ನಿನ ಸರಕಾರವು ವರ್ಷಕ್ಕೆ 30 ಲಕ್ಷ ಪೌಂಡಿಗೆ ಮೀರಿ ಸಂಬಳ ಕೊಡುವ ಉದ್ಯಮಗಳಿಂದ, ಆ ಮೀರಿದ ಮೊತ್ತದ ಮೇಲೆ ನೂರಕ್ಕೆ ಅರ್ಧದಂತೆ, ಅಪ್ರೆಂಟಿಸ್ ಶಿಕ್ಷಣಕ್ಕಾಗಿ ಕರವೆತ್ತತೊಡಗಿತು. ಆದರೆ ಅಲ್ಲಿನ ಸಾಮಾಜಿಕ ಚಲನೆಯ ಆಯೋಗವು 2020ರಲ್ಲಿ ಪ್ರಕಟಿಸಿದ ವರದಿಯಂತೆ, 2015-16ರಿಂದ 2017-18ರೊಳಗೆ ಹೊಸದಾಗಿ ಸೇರುವವರಲ್ಲಿ ಬಡಮನೆಗಳವರು ನೂರಕ್ಕೆ 36ರಷ್ಟೂ ಉಳಿದವರು 23ರಷ್ಟೂ ಕಡಿಮೆಯಾದರು. ಎಲ್ಲರ ಸಂಖ್ಯೆಯೂ ಇಳಿಯಿತು; ಬಡವರದು ಹೆಚ್ಚು ಇಳಿಯಿತು. ಹಣವನ್ನು ಕೂಡಿಸಿದ ಮಾತ್ರಕ್ಕೆ ಅದು ಬೇಕಾದವನ ಕೈಸೇರುವುದೆಂಬ ನಿಯಮವಿಲ್ಲವೆಂಬುದಕ್ಕೆ ಇದು ನಿದರ್ಶನವು.

ಭಾರತದಲ್ಲಿ 1961ರ ಅಪ್ರೆಂಟಿಸ್ ಕಾಯಿದೆಯು ಕಾರ್ಖಾನೆಗಳ ಬಾಗಿಲನ್ನು ಶಿಷ್ಯರಿಗೆ ತೆರೆಯಿಸಿತು. 1973ರ ತಿದ್ದುಪಡಿಯು ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಸ್ಥಾನಗಳನ್ನು ಮೀಸಲಿಟ್ಟಿತು. 2019ರ ನಿಯಮಗಳು ತಿಂಗಳ ಕನಿಷ್ಠ ಶಿಷ್ಯವೇತನವನ್ನು ವಿದ್ಯಾರ್ಹತೆಗನುಸಾರವಾಗಿ 5,000ದಿಂದ 9,000 ರೂಪಾಯಿಗಳೆಂದು ಗೊತ್ತುಮಾಡಿದುವು. ಇವೆಲ್ಲವೂ ಶ್ಲಾಘ್ಯವೇ. ಆದರೆ ಅತ್ಯಂತ ಕಡಿಮೆ ಓದಿದವನಿಗೆ ಅತ್ಯಂತ ಕಡಿಮೆ ವೇತನವೆಂಬುದನ್ನು ಗಮನಿಸತಕ್ಕದ್ದು. ಬಡತನದಿಂದ ಶಾಲೆ ಬಿಟ್ಟವನೂ ಅವನೇ ಆಗಿರುವುದುಂಟು. ಭೂಮಿಯಿಲ್ಲದ ಕೂಲಿಯವನ ಮಗನು ಪಟ್ಟಣದ ಕಾರ್ಖಾನೆಗೆ ಸೇರಬೇಕಾದರೆ ಕೋಣೆಯ ಬಾಡಿಗೆ, ಬಸ್ಸಿನ ದರ, ಎರಡು ಹೊತ್ತಿನ ಊಟ ಇವು ಆ ವೇತನದಲ್ಲಿಯೇ ಸಾಗಬೇಕು. ಊರಿನಲ್ಲಿ ಅವನ ದಿನಗೂಲಿಯೂ ನಿಂತುಹೋಗುವುದು. ಉಳ್ಳವನ ಮಗನಿಗೆ ಕಲಿಕೆಯ ವರ್ಷವು ಕಾಯುವ ವರ್ಷ. ಇಲ್ಲದವನ ಮಗನಿಗೆ ಅದು ಸಾಲದ ವರ್ಷ. ಇನ್ನು ಸ್ಥಾನವು ಖಾಲಿಯಿದೆಯೆಂಬ ಸುದ್ದಿಯೇ, ಒಳಗೆ ಪರಿಚಯವುಳ್ಳವರ ಕಿವಿಗೆ ಮೊದಲು ಬೀಳುವುದುಂಟು. ಕೈಯ ಚಾತುರ್ಯದ ಪರೀಕ್ಷೆಯಾಗುವುದಕ್ಕೆ ಮುಂಚೆಯೇ ಮನೆಯ ಸ್ಥಿತಿಯ ಪರೀಕ್ಷೆಯು ಮುಗಿದಿರುತ್ತದೆ.

ಆದಕಾರಣ ಎಷ್ಟು ಮಂದಿ ಶಿಷ್ಯರಾದರೆಂಬ ಎಣಿಕೆಯೊಂದೇ ಸಾಲದು. ಎಂತಹ ಮನೆಗಳಿಂದ ಬಂದರು, ಯಾರು ನಡುವೆ ಬಿಟ್ಟುಹೋದರು, ಏಕೆ ಬಿಟ್ಟರು ಎಂಬುದನ್ನೂ ಎಣಿಸತಕ್ಕದ್ದು. ಸ್ಥಾನಗಳ ಸುದ್ದಿಯು ಹಳ್ಳಿಯ ಶಾಲೆಗೂ ಮುಟ್ಟಬೇಕು, ವೇತನವು ತಪ್ಪದೆ ತಿಂಗಳಿಗೆ ಸಲ್ಲಬೇಕು, ದೂರದವರಿಗೆ ವಸತಿಯಾಗಬೇಕು. ಈ ಕಡೆಯ ಮಾತಿನಲ್ಲಿ ಕನ್ನಡನಾಡಿನ ಮಠಗಳಿಗೆ ಪೂರ್ವದ ಅನುಭವವುಂಟು. ಅವುಗಳ ಉಚಿತ ಪ್ರಸಾದನಿಲಯಗಳಲ್ಲಿ ಉಂಡು ಓದಿದ ಬಡ ಬಾಲಕರು ಅನೇಕರು. ಅನ್ನವು ಸಿಕ್ಕಿದುದರಿಂದಲೇ ಅಕ್ಷರವು ಅವರಿಗೆ ದಕ್ಕಿತು. ಪುಸ್ತಕ ಹಿಡಿದವನಿಗೆ ಹಾಸಿದ ಎಲೆಯನ್ನು ಉಳಿ, ಸುತ್ತಿಗೆಗಳನ್ನು ಹಿಡಿದವನಿಗೂ ಹಾಸಿದರೆ ಕಾಯಕವೂ ದಾಸೋಹವೂ ಒಂದೇ ಪಂಕ್ತಿಯಲ್ಲಿ ಕುಳಿತಂತಾಗುವುದು.

ಮಂಗಳವಾಗಲಿ.