ಉಂಡರೂ ತಣಿಯದ ಹಸಿವು

ಉಂಡು ಎರಡು ಗಳಿಗೆ ಕಳೆಯುವುದರೊಳಗೆ ಮತ್ತೆ ಹಸಿವೆಂದು ಪಟ್ಟಣಿಗರಾದ ನಾವು ಕಾಫಿ, ಬಿಸ್ಕತ್ತುಗಳಿಗೆ ಕೈಚಾಚುವೆವು. ಅನೇಕ ವೇಳೆ ಕೊರತೆಯಿರುವುದು ಊಟದ ಪ್ರಮಾಣದಲ್ಲಲ್ಲ, ಅದರ ಸತ್ತ್ವದಲ್ಲಿ.

ಹಡಗಲಿ ಸೀಮೆಯ ಇಟ್ಟಿಗಿಯ ಕಡೆಯ ಊಟವನ್ನು ನೋಡೋಣ: ಜೋಳದ ರೊಟ್ಟಿ, ಕಾಳಿನ ಪಲ್ಯ, ಸೊಪ್ಪು, ಗುರೆಳ್ಳು ಚಟ್ನಿ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಉಂಟು. ಯಂತ್ರದಲ್ಲಿ ನುಣುಪುಗೊಳಿಸಿದ ಅಕ್ಕಿಯಲ್ಲಿ 3 ಗ್ರಾಮಿಗಿಂತಲೂ ಕಡಿಮೆ. ನಾರಿನ ದೆಸೆಯಿಂದ ಉಂಡದ್ದು ಮೆಲ್ಲನೆ ಜೀರ್ಣವಾಗುವುದು. ಕಾಳಿನ ಸಸಾರಜನಕವು ತೃಪ್ತಿಯನ್ನು ಬಹಳ ಹೊತ್ತು ಉಳಿಸುವುದು. ದಿನಕ್ಕೊಂದು ಹೊತ್ತಾದರೂ ಇಂಥ ಊಟವನ್ನು ನಾವು ರೂಢಿಸಿಕೊಳ್ಳಬೇಕು.

ಇಷ್ಟಾದರೂ ಹಸಿವು ತಣಿಯದೆ, ನೀರಡಿಕೆ ಹೆಚ್ಚಿ, ಮೈ ಇಳಿಯುತ್ತ ಬಂದರೆ ಅದು ಮಧುಮೇಹದ ಸೂಚನೆಯಾಗಿರಬಹುದು. ಆಗ ವೈದ್ಯರನ್ನು ಕಾಣಲು ತಡಮಾಡಲಾಗದು.