ಮನೆವಾರ್ತೆಯಲ್ಲಿ ಉಳಿತಾಯ

ಹೊತ್ತು ಮುಳುಗಿದೆ. ದನಕರು ಕೊಟ್ಟಿಗೆ ಸೇರಿವೆ. ಒಲೆಯ ಮೇಲೆ ಎಸರು ಕುದಿಯುತ್ತಿರಬಹುದು. ಕೈಕೆಲಸ ಬಿಡಬೇಕಾಗಿಲ್ಲ, ಕೆಲಸ ಮಾಡುತ್ತಲೇ ನನ್ನ ನಾಲ್ಕು ಮಾತು ಕೇಳಿ. ಹೊಲದಿಂದ ಮನೆಗೆ ಬಂದ ಬೆಳೆ ಹೇಗೆ ಕರಗುತ್ತದೆ, ಅದನ್ನು ಹೇಗೆ ಹಿಡಿದಿಡಬೇಕು ಎಂಬುದೇ ಇವತ್ತಿನ ವಿಷಯ.

"ಉಳಿತಾಯ ಅನ್ನೋದು ಸಂಬಳದವರ ಮಾತು ಕಣಮ್ಮ. ನಮಗೆ ದುಡ್ಡು ಕಾಣೋದೇ ಸುಗ್ಗಿಯಲ್ಲಿ ಒಂದು ಸಲ. ಬಂದದ್ದು ಸಾಲಕ್ಕೇ ಸಾಲದು. ಉಳಿಸೋದು ಏನನ್ನ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ ಹೇಳುತ್ತೇನೆ.

ನಾನು ಹುಡುಗಿಯಾಗಿದ್ದಾಗ ಒಂದು ವರ್ಷ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ ಚೆನ್ನಾಗಿ ಬಂತು. ಪುಷ್ಯದಲ್ಲಿ ಬಡಿದು, ತೂರಿ, ಕಣದಲ್ಲಿ ಒಂದೇ ದಿನ ಒಣಹಾಕಿದೆವು. ಸಂಜೆ ಮೋಡ ಕವಿಯಿತು. ಅವಸರದಲ್ಲಿ ಬಿಸಿ ಬಿಸಿ ಕಾಳನ್ನೇ ಡ್ರಮ್ಮಿಗೆ ಸುರಿದು ಮುಚ್ಚಿಬಿಟ್ಟರು. ಆಷಾಢದಲ್ಲಿ ಹದವಾದ ಮಳೆ ಬಿತ್ತು. ಬಿತ್ತನೆಗೆ ಕಾಳು ಬೇಕೆಂದು ಮುಚ್ಚಳ ತೆಗೆದರೆ ಒಳಗೆ ಹಿಟ್ಟು, ಹುಳು, ತೂತು ಬಿದ್ದ ಸಿಪ್ಪೆ! ಅಮ್ಮ ಮೊರದಲ್ಲಿ ಕೇರುತ್ತಾ ಕಣ್ಣೀರು ಒರೆಸಿಕೊಂಡಿದ್ದು ನನಗೆ ಇನ್ನೂ ನೆನಪಿದೆ. ಕೊನೆಗೆ ಬಿತ್ತನೆ ಕಾಳನ್ನು ಊರಿನ ಒಬ್ಬರ ಮನೆಯಿಂದ ಒಂದಕ್ಕೆ ಒಂದೂವರೆಯಂತೆ ತಂದೆವು. ಅಂದರೆ ಎರಡು ಕೊಳಗ ತಂದರೆ ಸುಗ್ಗಿಯಲ್ಲಿ ಮೂರು ಕೊಳಗ ಅಳೆಯಬೇಕು. ಸಾರಿಗೆ ಬೇಕಾದ ಕಾಳನ್ನೂ ಅಂಗಡಿಯಿಂದಲೇ ತಂದೆವು. ನಾವು ಬೆಳೆದದ್ದನ್ನೇ ನಾವು ಸಾಲ ಮಾಡಿ ತಿಂದೆವು!

ಅಂದಿನಿಂದ ನಮ್ಮ ಮನೆಯವರು ಕಲಿತ ಪಾಠ ಇಷ್ಟೆ: ದುಡಿಮೆ ಬರುವ ಬಾಗಿಲು ಒಂದೇ, ಅದು ಹೋಗುವ ತೂತುಗಳು ಹಲವು. ಅದರಲ್ಲಿ ದೊಡ್ಡವು ಮೂರು. ಕಾಳಿನ ಮಡಕೆ, ಅಡಿಗೆ ಒಲೆ, ಸಾಲದ ಚೀಟಿ. ಒಂದೊಂದಾಗಿ ನೋಡೋಣ.

ಮೊದಲು ಕಾಳು. ರಾಗಿಗೆ ಹುಳು ಬೀಳುವುದು ಬಹಳ ಕಡಿಮೆ. ಹಿರಿಯರು ಹಗೇವಿನಲ್ಲಿ ಅದನ್ನು ವರ್ಷಗಟ್ಟಲೆ ಇಟ್ಟು ಬರಗಾಲ ದಾಟುತ್ತಿದ್ದರು. ಆದರೆ ಅವರೆ, ತೊಗರಿ, ಹೆಸರು, ಅಲಸಂದೆ ಹಾಗಲ್ಲ. ಇವುಗಳ ಹುಳು ಕೆಲವು ಸಲ ಹೊಲದಲ್ಲಿ ಕಾಯಿ ಒಣಗುವಾಗಲೇ ಮೊಟ್ಟೆಯಿಟ್ಟು, ಕಾಳಿನ ಜೊತೆ ಮನೆಗೆ ಬರುತ್ತದೆ. ಕಾಳಿನ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ ಅಂಟಿಕೊಂಡಿದ್ದರೆ ಅದೇ ಮೊಟ್ಟೆ. ಮರಿ ಕಾಳಿನೊಳಗೆ ಕೊರೆದು ತಿಂದು, ದೊಡ್ಡದಾಗಿ, ಗುಂಡನೆಯ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಬೆಚ್ಚಗಿನ ದಿನಗಳಲ್ಲಿ ಇದಕ್ಕೆಲ್ಲ ಸುಮಾರು ಒಂದು ತಿಂಗಳು ಸಾಕು.

ಒಂದು ಹೆಣ್ಣು ಹುಳು 80 ಮೊಟ್ಟೆ ಇಟ್ಟಿತು, ಅದರಲ್ಲಿ ಅರ್ಧ ಹೆಣ್ಣು ಎಂದುಕೊಳ್ಳಿ. ಎಲ್ಲವೂ ಬದುಕಿದರೆ ಒಂದು ತಿಂಗಳಿಗೆ 80, ಎರಡು ತಿಂಗಳಿಗೆ 3,200, ಮೂರು ತಿಂಗಳಿಗೆ 1,28,000! ಎಲ್ಲವೂ ಬದುಕುವುದಿಲ್ಲ, ನಿಜ. ಆದರೂ ಪುಷ್ಯದಲ್ಲಿ ಕಾಣದ ಹುಳು ಆಷಾಢದ ಹೊತ್ತಿಗೆ ಡ್ರಮ್ಮು ತುಂಬಿದ್ದು ಹೇಗೆಂದು ಈಗ ತಿಳಿಯಿತಲ್ಲವೆ?

ಇದಕ್ಕೆ ಉಪಾಯ ಕೇಳಿ. ಕಾಳನ್ನು ಒಳ್ಳೆಯ ಬಿಸಿಲಿನಲ್ಲಿ ಎರಡು ಮೂರು ದಿನ ತೆಳ್ಳಗೆ ಹರಡಿ ಒಣಗಿಸಿ. ಹಲ್ಲಿನಲ್ಲಿ ಕಡಿದರೆ ಕಟಕ್ಕೆಂದು ಮುರಿಯಬೇಕು. ಅಮುಕಿದಂತಾದರೆ ಇನ್ನೂ ಹಸಿ ಇದೆ. ಒಣಗಿದ ಮೇಲೆ ರಾತ್ರಿ ಮನೆಯೊಳಗೆ ಹರಡಿ ಆರಲು ಬಿಡಿ. ಬಿಸಿ ಕಾಳನ್ನು ಮುಚ್ಚಿಟ್ಟರೆ ಒಳಗೆ ಬೆವರು ಕಟ್ಟುತ್ತದೆ, ಬೂಷ್ಟು ಹಿಡಿಯುತ್ತದೆ. ನಮ್ಮ ಮನೆಯಲ್ಲಿ ಆದ ತಪ್ಪು ಅದೇ.

ಬಿತ್ತನೆ ಕಾಳಿಗೆ ಒಲೆಯ ಬೂದಿಯಂಥ ಕಾವಲುಗಾರ ಇನ್ನೊಂದಿಲ್ಲ. ಪೂರ್ತಿ ಆರಿದ ಬೂದಿಯನ್ನು ಜರಡಿ ಹಿಡಿದು, ನಾಲ್ಕು ಸೇರು ಕಾಳಿಗೆ ಮೂರು ಸೇರಿನಂತೆ ಬೆರೆಸಿ. ಮೇಲೆ ಎರಡು ಬೆರಳು ದಪ್ಪ ಬರಿ ಬೂದಿ ಹರಡಿ ಬಾಯಿ ಕಟ್ಟಿ. ಬೂದಿ ಕಾಳುಗಳ ನಡುವಿನ ಸಂದು ತುಂಬುವುದರಿಂದ ಹುಳುವಿಗೆ ಓಡಾಡಲು ದಾರಿಯಿಲ್ಲ. ಮೈ ಉಜ್ಜಿ ಒಣಗಿ ಸಾಯುತ್ತದೆ. ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುವ ನಮ್ಮ ಹೆಂಗಸರ ಪದ್ಧತಿಯೂ ಬಲ್ಲವರದೇ. ಊಟಕ್ಕೆ ಇಟ್ಟುಕೊಳ್ಳುವ ಕಾಳಿಗೆ ಒಂದು ಕೆಜಿಗೆ ಒಂದು ಚಹಾ ಚಮಚದಷ್ಟು ಅಡಿಗೆ ಎಣ್ಣೆ ಹಾಕಿ, ಪ್ರತಿ ಕಾಳಿಗೂ ತಾಗುವಂತೆ ಅಂಗೈಯಲ್ಲಿ ಉಜ್ಜಿಡಿ. ಎಣ್ಣೆ ತಾಗಿದ ಮೊಟ್ಟೆ ಒಡೆಯುವುದಿಲ್ಲ. ಬೇಳೆ ಒಡೆಸಿಟ್ಟರೂ ಈ ಹುಳುವಿನ ಕಾಟ ಬಹಳ ಕಡಿಮೆ. ಡ್ರಮ್ಮಾದರೆ ಕಂಠಮಟ್ಟ ತುಂಬಿ, ಗಾಳಿಯಾಡದಂತೆ ಮುಚ್ಚಿ. ಅರ್ಧ ಖಾಲಿ ಡ್ರಮ್ಮು ಹುಳುವಿಗೆ ಛತ್ರವಿದ್ದ ಹಾಗೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕಾಳಿನ ಚೀಲದಲ್ಲಿಡುವ ವಿಷದ ಮಾತ್ರೆಯನ್ನು ಮನೆಯೊಳಗೆ ತರಲೇಬೇಡಿ. ಗಾಳಿಯ ತೇವ ತಾಗಿದರೆ ಅದರಿಂದ ಫಾಸ್ಫೀನ್ ಎಂಬ ವಿಷಗಾಳಿ ಏಳುತ್ತದೆ. ಆ ವಿಷವನ್ನು ಇಳಿಸುವ ಔಷಧ ಇಲ್ಲ. ಮಕ್ಕಳು ಮಲಗುವ ಕೋಣೆಯಲ್ಲಿ ಅಂಥ ಚೀಲ ಇಟ್ಟು ಜೀವ ಕಳೆದುಕೊಂಡವರುಂಟು. ನಾಲ್ಕು ಸೇರು ಕಾಳು ಉಳಿಸಲು ಹೋಗಿ ಮನೆಯ ದೀಪ ಆರಿಸಿಕೊಳ್ಳಬಾರದು.

ಎರಡನೆಯದು ಒಲೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲಿ ಒಂದು ಪಾಲೋ, ಸ್ವಲ್ಪ ಹೆಚ್ಚೋ ಪಾತ್ರೆಗೆ ಸೇರುತ್ತದೆ. ಮಿಕ್ಕದ್ದು ಗೋಡೆಗೆ, ಗಾಳಿಗೆ, ನಿಮ್ಮ ಕಣ್ಣಿಗೆ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಯ ಕೆಲಸಕ್ಕೆಂದೇ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ಅಲ್ಲಿಯ ವಿಜ್ಞಾನಿಗಳು ರೂಪಿಸಿದ ಅಸ್ತ್ರ ಒಲೆಯನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಒಂದೇ ಉರಿಗೆ ಮೂರು ಪಾತ್ರೆ, ಹೊಗೆ ಹೋಗಲು ಕೊಳವೆ. ಅಂಥ ಒಲೆ ಇಲ್ಲದಿದ್ದರೂ ಚಿಂತೆಯಿಲ್ಲ. ಸೌದೆಯನ್ನು ಮಳೆಗೆ ಮೊದಲೇ ಸೀಳಿ ಒಣಗಿಸಿಡಿ. ಹಸಿ ಸೌದೆ ತನ್ನ ನೀರನ್ನು ಆರಿಸಿಕೊಳ್ಳಲೇ ಒಂದಷ್ಟು ಉರಿ ನುಂಗುತ್ತದೆ.

ಇನ್ನು ಗ್ಯಾಸ್ ಇರುವವರಿಗೂ ಸೌದೆ ಇರುವವರಿಗೂ ಒಂದೇ ಮಾತು. ಕಾಳನ್ನು ರಾತ್ರಿಯೇ ನೆನೆಹಾಕಿ. ಪಾತ್ರೆಗೆ ಮುಚ್ಚಳ ಹಾಕಿ. ಎಸರು ಒಮ್ಮೆ ಕುದಿ ಬಂದ ಮೇಲೆ ಉರಿ ತಗ್ಗಿಸಿ. ಎಷ್ಟು ಉರಿ ಹಾಕಿದರೂ ಕುದಿಯುವ ನೀರು ಇನ್ನಷ್ಟು ಬಿಸಿಯಾಗುವುದಿಲ್ಲ, ಆವಿಯಾಗಿ ಹೋಗುತ್ತದೆ ಅಷ್ಟೆ. ಹುಣಸೆಹುಳಿ, ಟೊಮೇಟೊಗಳನ್ನು ಬೇಳೆ ಬೆಂದ ಮೇಲೆ ಹಾಕಿ. ಹುಳಿ ಮೊದಲೇ ಬಿದ್ದರೆ ಬೇಳೆ ಬೇಗ ಬೇಯುವುದಿಲ್ಲ. ಮನೆಗೆ ತರುವ ಗ್ಯಾಸ್ ಸಿಲಿಂಡರಿನಲ್ಲಿ ಇರುವುದು 14.2 ಕೆಜಿ. ತಂದ ದಿನ ಗೋಡೆಯ ಮೇಲೆ ತಾರೀಖು ಬರೆದಿಡಿ. ಈ ಅಭ್ಯಾಸಗಳಿಂದ ಅದು ಎಷ್ಟು ದಿನ ಹೆಚ್ಚು ಬಂತೆಂದು ಗೋಡೆಯೇ ಹೇಳುತ್ತದೆ.

ಬಚ್ಚಲ ನೀರನ್ನು ಹಿತ್ತಲಿಗೆ ತಿರುಗಿಸಿ ಎರಡು ಬಾಳೆ, ಒಂದು ನುಗ್ಗೆ, ಒಂದು ಕುಂಬಳದ ಬಳ್ಳಿ ಹಾಕಿದರೆ ಸಂತೆಯ ಖರ್ಚೂ ತಗ್ಗುತ್ತದೆ. ಇದು ನಿಮಗೆ ಹೊಸದಲ್ಲ.

ಮೂರನೆಯದು ಸಾಲದ ಚೀಟಿ. "ನೂರಕ್ಕೆ ಮೂರು ರೂಪಾಯಿ ಬಡ್ಡಿ" ಎಂದರೆ ಕೇಳಲು ಸಣ್ಣದು. ಅದು ತಿಂಗಳಿಗೆ! 10,000 ರೂಪಾಯಿ ಸಾಲಕ್ಕೆ ತಿಂಗಳಿಗೆ 300, ವರ್ಷಕ್ಕೆ 3,600. ಮೂರು ವರ್ಷ ಬರಿ ಬಡ್ಡಿ ಕಟ್ಟಿದರೆ 10,800 ರೂಪಾಯಿ. ತಂದದ್ದಕ್ಕಿಂತ ಹೆಚ್ಚು ಕಟ್ಟಿದಿರಿ, ಅಸಲು ಹಾಗೇ ಇದೆ! ಈ ನೋವಿಗೆ ಮದ್ದು ಹುಡುಕಿದ್ದು ನಮ್ಮ ನಾಡಿನ ರೈತರೇ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಸೇರಿಸಿ ಕೃಷಿ ಸಹಕಾರ ಸಂಘ ಕಟ್ಟಿದರು. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಊರೂರಲ್ಲಿ ಹೆಂಗಸರ ಗುಂಪುಗಳಾದವು. 15 ಜನ ವಾರಕ್ಕೆ 20 ರೂಪಾಯಿಯಂತೆ ಕೂಡಿಟ್ಟರೆ ವರ್ಷಕ್ಕೆ 15,600 ರೂಪಾಯಿ ಗಂಟು. ಬಿತ್ತನೆಗೆ, ಕಾಯಿಲೆಗೆ ಸಾಹುಕಾರರ ಜಗಲಿ ಹತ್ತುವುದು ತಪ್ಪುತ್ತದೆ. ಆದರೆ ಗುಂಪಿನ ಸಾಲವೂ ಸಾಲವೇ, ತಾಯಂದಿರೆ. ನೆಂಟರ ಮುಂದೆ ಮೆರೆಯಲು ಅದನ್ನು ತರಬೇಡಿ.

ಲೆಕ್ಕ ಇಡಬೇಕಾದರೆ ದೊಡ್ಡ ವಿದ್ಯೆ ಬೇಡ. ಶಾಲೆಗೆ ಹೋಗುವ ಮಗನಿಗೋ ಮಗಳಿಗೋ ಒಂದು ಪುಸ್ತಕ ಕೊಡಿ. ಇವತ್ತು ಬಂದದ್ದು ಎಡಗಡೆ, ಹೋದದ್ದು ಬಲಗಡೆ. ಎಲೆಅಡಿಕೆ, ಬೀಡಿ, ಅಂಗಡಿಯ ಉದ್ದರಿ, ಏನನ್ನೂ ಬಿಡದೆ ಬರೆಸಿ. ತಿಂಗಳ ಕೊನೆಗೆ ಮಗು ಕೂಡಿ ಹೇಳಿದಾಗ, ಯಾವ ಖರ್ಚು ಬೇಕು, ಯಾವುದು ಬೇಡ ಎಂದು ಯಾರೂ ಬುದ್ಧಿ ಹೇಳಬೇಕಾಗಿಲ್ಲ.

ಕೊನೆಗೆ ಒಂದು ಮಾತು. ಮನೆಯ ಹಾಲು, ಮೊಟ್ಟೆಯನ್ನೆಲ್ಲ ಮಾರಿ ಮಕ್ಕಳ ಬಾಯಿ ಕಟ್ಟುವುದು, ಎಲ್ಲರಿಗೂ ಬಡಿಸಿ ತಾಯಿ ಬರಿ ಗಂಜಿ ಕುಡಿದು ಮಲಗುವುದು ಉಳಿತಾಯವಲ್ಲ. ಅದು ನಾಳೆಯ ಆಸ್ಪತ್ರೆ ಖರ್ಚು. ಹುಳು ತಿನ್ನುವುದನ್ನು, ಹೊಗೆ ತಿನ್ನುವುದನ್ನು, ಬಡ್ಡಿ ತಿನ್ನುವುದನ್ನು ಉಳಿಸಿ; ಮನುಷ್ಯರು ತಿನ್ನುವುದನ್ನು ಉಳಿಸಬೇಡಿ.

ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ಕಾಳಿನ ಮಡಕೆಯ ಬಾಯಿ ಬಿಚ್ಚಿ, ಒಂದು ಹಿಡಿ ಕಾಳನ್ನು ಅಂಗೈ ಮೇಲೆ ಹರಡಿ ಬೆಳಕಿಗೆ ಹಿಡಿಯಿರಿ. ಬಿಳಿ ಚುಕ್ಕೆ ಕಂಡರೆ ಅಂದೇ ಬಿಸಿಲಿಗೆ ಹಾಕಿ. ಮುಂದೆಯೂ ಹದಿನೈದು ದಿನಕ್ಕೊಮ್ಮೆ ಹೀಗೇ ನೋಡುತ್ತಿರಿ. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂದು ಹಿರಿಯರು ಹೇಳಿದ್ದಾರೆ. ಕೂಡಿದ ಬಳ್ಳಕ್ಕೆ ತೂತು ಬೀಳದಂತೆ ನೋಡಿಕೊಳ್ಳುವುದು ನಮ್ಮ ನಿಮ್ಮ ಕೆಲಸ. ಬರುವ ಆಷಾಢದಲ್ಲಿ ನಿಮ್ಮ ಹೊಲಕ್ಕೆ ನಿಮ್ಮ ಮನೆಯ ಕಾಳೇ ಬೀಳಲಿ.