ಹಾಸಿಗೆಯ ಪಕ್ಕದಲ್ಲೇ ಬೆಳೆಯುವುದು ಹೇಗೆ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಆಸ್ಪತ್ರೆಗಳಿಂದ ರಾತ್ರಿ ಡ್ಯೂಟಿ ಮುಗಿಸಿ ಮನೆಗೂ ಹೋಗದೆ ನೇರವಾಗಿ ಇಲ್ಲಿಗೆ ಬಂದಿರುವ ಸಿಸ್ಟರ್‌ಗಳಿಗೆ, ಬ್ರದರ್‌ಗಳಿಗೆ, ಹಿಂದಿನ ಸಾಲುಗಳಲ್ಲಿ ಕುಳಿತಿರುವ ವಿದ್ಯಾರ್ಥಿಗಳಿಗೆ ನನ್ನದೊಂದು ಮಾತು.

ನರ್ಸಿಂಗ್ ಸಭೆಗಳಲ್ಲಿ ದೀಪ ಹಚ್ಚಿದ ಕೂಡಲೇ ಭಾಷಣಕಾರರು ಕ್ರಿಮಿಯಾ ಯುದ್ಧಕ್ಕೆ ಹೊರಟುಬಿಡುತ್ತಾರೆ. ನೈಟಿಂಗೇಲ್ ಅವರ ಮೇಲೆ ನನಗೂ ಗೌರವವಿದೆ. ದೀಪಕ್ಕಿಂತ ಹೆಚ್ಚಾಗಿ ಅವರು ಇಟ್ಟ ಸಾವಿನ ಲೆಕ್ಕದ ಕೋಷ್ಟಕಗಳ ಮೇಲೆ. ಆದರೆ ಇವತ್ತು ಅಷ್ಟು ದೂರ ಹೋಗುವ ಅಗತ್ಯವಿಲ್ಲ. ನಮ್ಮದೇ ಜಿಲ್ಲೆಯ ಹಳ್ಳಿಗಳಿಗೆ ಹೋಗೋಣ.

2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಒಂದು ಅಧ್ಯಯನ ನಡೆಯಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರೂ ಅಮೆರಿಕದ ಸಂಶೋಧಕರೂ ಸೇರಿ ಕೈಗೊಂಡದ್ದು. ಹೆರಿಗೆಯಾದ ಕೂಡಲೇ ತಾಯಿಗೆ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರೆ ರಕ್ತಸ್ರಾವ ತಗ್ಗುತ್ತದೆಯೇ ಎಂಬುದು ಪ್ರಶ್ನೆ. ಆಕ್ಸಿಟೋಸಿನ್ ಚುಚ್ಚುಮದ್ದಿಗೆ ಫ್ರಿಜ್ ಬೇಕು, ಸೂಜಿ ಬೇಕು. ಈ ಮಾತ್ರೆಗೆ ಎರಡೂ ಬೇಡ. 1620 ಬಾಣಂತಿಯರು ಪಾಲ್ಗೊಂಡರು. ಹೆರಿಗೆ ಮಾಡಿಸಿದ್ದು, ಮಾತ್ರೆ ಕೊಟ್ಟದ್ದು, ತಾಯಿಯ ಕೆಳಗೆ ಅಳತೆಗೆರೆಯುಳ್ಳ ಪ್ಲಾಸ್ಟಿಕ್ ಹಾಳೆಯ ಚೀಲ ಹಾಸಿ ಎಷ್ಟು ಮಿಲಿಲೀಟರ್ ರಕ್ತ ಹೋಯಿತೆಂದು ಬರೆದಿಟ್ಟದ್ದು 25 ಜನ ಸಹಾಯಕ ನರ್ಸ್-ಸೂಲಗಿತ್ತಿಯರು, ಅಂದರೆ ಎಎನ್ಎಂಗಳು. ಆ ಔಷಧ ಸಿಗದವರಲ್ಲಿ ಶೇಕಡಾ 12ರಷ್ಟಿದ್ದ ಅತಿ ರಕ್ತಸ್ರಾವ, ಸಿಕ್ಕವರಲ್ಲಿ 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಅದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಆ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಬೆಳಗಾವಿಯ ಹಳ್ಳಿಯೊಂದರ ಕತ್ತಲೆ ಕೋಣೆಯಲ್ಲಿ ಎಎನ್ಎಂ ಒಬ್ಬರು ಟಾರ್ಚ್ ಹಿಡಿದು ಓದಿದ ಅಳತೆ ಜಗತ್ತಿನ ಔಷಧನೀತಿಗೆ ಸಾಕ್ಷಿಯಾಯಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಆ ಲೇಖನದ ಸಾರಾಂಶ ಓದಿ. ಅಲ್ಲಿ ಆ ಎಎನ್ಎಂಗಳು 25 ಎಂಬ ಅಂಕಿಯಾಗಿ ಬರುತ್ತಾರೆ. ವೈದ್ಯರನ್ನು ದೂರಲು ನಾನು ಇದನ್ನು ಹೇಳುತ್ತಿಲ್ಲ. ವಿಜ್ಞಾನ ಪತ್ರಿಕೆಗಳ ರೂಢಿಯೇ ಹಾಗಿದೆ. ನನ್ನನ್ನು ಕಾಡುವುದು ಬೇರೆ. ಅಷ್ಟು ಕರಾರುವಾಕ್ಕಾಗಿ ಕೆಲಸ ಮಾಡಿದವರಿಗೆ ಅದರಿಂದ ಒಂದು ಮೆಟ್ಟಿಲಾದರೂ ಸಿಗಬೇಕಿತ್ತಲ್ಲ? ನಮ್ಮ ವೃತ್ತಿಯಲ್ಲಿ ಕೈ ಪಳಗಿದಷ್ಟೂ ಮೇಲೇರುವ ಏಣಿಯೇ ಇಲ್ಲ. ಇರುವ ಏಣಿಗಳೆಲ್ಲ ರೋಗಿಯ ಹಾಸಿಗೆಯಿಂದ ದೂರ ಒಯ್ಯುತ್ತವೆ: ಆಫೀಸಿಗೆ, ತರಗತಿಗೆ, ವಿಮಾನ ನಿಲ್ದಾಣಕ್ಕೆ. ಈ ವಿಚಾರ ಸಂಕಿರಣದ ಮುಂದೆ ನಾನು ಇಡಬೇಕೆಂದಿರುವ ಮಾತು ಇದೊಂದೇ. ಅದರ ಬೇರು ಮೊದಲ ವರ್ಷದಲ್ಲಿದೆ.

ಮೊದಲ ವರ್ಷ ಎಂದರೆ ಕಾಲೇಜಿನದಲ್ಲ, ನೌಕರಿಯದು. ನಾಲ್ಕು ವರ್ಷ ಬಿ.ಎಸ್ಸಿ. ಅಥವಾ ಮೂರು ವರ್ಷ ಜಿಎನ್ಎಂ ಮುಗಿಸಿ, ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿ, ಹೊಸ ಬಿಳಿ ಕೋಟು ಇಸ್ತ್ರಿ ಮಾಡಿಕೊಂಡು ಹುಡುಗಿಯೊಬ್ಬಳು ವಾರ್ಡಿಗೆ ಬರುತ್ತಾಳೆ. ಹೊಸ ಪಠ್ಯಕ್ರಮದ ಎಂಟನೇ ಸೆಮಿಸ್ಟರಿನಲ್ಲಿ ಇಂಟರ್ನ್‌ಶಿಪ್ ಇದೆ, ಒಳ್ಳೆಯದೇ. ಆದರೆ ಅಲ್ಲಿ ಸಹಿ ಬೇರೆಯವರದು, ಇಲ್ಲಿ ಸಹಿ ತನ್ನದು. ಬಂದ ವಾರದಲ್ಲೇ ಆಕೆಗೆ ನೈಟ್ ಹಾಕುತ್ತಾರೆ. ಹಿರಿಯರಿಗೆ ಮನೆ, ಮಕ್ಕಳು. ಹೊಸಬಳಿಗೆ ಏನಿದೆ ಎಂಬ ಲೆಕ್ಕ. ಅಮೆರಿಕದ ಮಾರ್ಲೀನ್ ಕ್ರೇಮರ್ ಎಂಬ ನರ್ಸಿಂಗ್ ವಿದ್ವಾಂಸೆ 1974ರಷ್ಟು ಹಿಂದೆಯೇ ಈ ಆಘಾತದ ಮೇಲೆ ಪುಸ್ತಕ ಬರೆದರು. ಕಲಿತದ್ದಕ್ಕೂ ಕಂಡದ್ದಕ್ಕೂ ತಾಳೆಯಾಗದೆ ಎಷ್ಟೋ ಜನ ವೃತ್ತಿಯನ್ನೇ ಬಿಡುತ್ತಾರೆಂದು ತೋರಿಸಿದರು. ನಾವು ಇನ್ನೂ ಅದನ್ನು ‘ಹೊಸದರಾಗ ಹಂಗ ಆಗತೈತಿ’ ಎಂದು ತಳ್ಳಿಹಾಕುತ್ತೇವೆ.

ನಮ್ಮ ಭಾಗದ ಒಂದು ರಾತ್ರಿಯನ್ನು ನೆನೆಸಿಕೊಳ್ಳಿ. ಮುಂಗಾರು ಹಿಡಿದಿದೆ, ಹತ್ತಿಗೆ ಔಷಧ ಹೊಡೆಯುವ ಕಾಲ. ‘ಹತ್ತಿಗೆ ಹೊಡಿಯೋ ಎಣ್ಣಿ ಕುಡದಾನ್ರೀ ಅಕ್ಕಾರ’ ಎಂದು ನಾಲ್ಕು ಜನ ಒಬ್ಬನನ್ನು ಹೊತ್ತು ತರುತ್ತಾರೆ. ವೈದ್ಯರು ಹೊಟ್ಟೆ ತೊಳೆಸಿ, ಅಟ್ರೋಪಿನ್ ಬರೆದು ಮುಂದಿನ ಕೇಸಿಗೆ ಹೋಗುತ್ತಾರೆ. ಬೆಳಗಿನವರೆಗೆ ಆ ಜೀವ ಇರುವುದು ನರ್ಸಿನ ಕಣ್ಣಲ್ಲಿ. ನಾಡಿ ಏರಿತೇ, ಎದೆಯ ಗೊರಗೊರ ನಿಂತಿತೇ, ಕಂಕುಳು ಒಣಗಿತೇ? ಅಟ್ರೋಪಿನ್ ಕಡಿಮೆಯಾದರೆ ರೋಗಿ ತನ್ನದೇ ಕಫದಲ್ಲಿ ಮುಳುಗುತ್ತಾನೆ. ಹೆಚ್ಚಾದರೆ ಮೈ ಕಾದು, ಬಡಬಡಿಸುತ್ತಾ ಸಲೈನ್ ಕಿತ್ತೆಸೆಯುತ್ತಾನೆ. ಈ ಎರಡರ ನಡುವಿನ ಕಿರಿದಾದ ದಾರಿ ಪುಸ್ತಕದ ಒಂದು ಕೋಷ್ಟಕದಲ್ಲಿದೆ, ಸರಿ. ಬೆರಳಿಗೆ ಅದು ಬರಬೇಕಾದರೆ ಪಕ್ಕದಲ್ಲಿ ಒಬ್ಬರು ಹಿರಿಯರು ನಿಂತು, ‘ಇಲ್ಲಿ ಮುಟ್ಟಿ ನೋಡು’ ಎನ್ನಬೇಕು.

ಅದೇ ರಾತ್ರಿ ಹಾವು ಕಚ್ಚಿದ ಕೇಸೂ ಬಂತೆನ್ನಿ. ಕಚ್ಚಿದ್ದು ಕೊಳಕುಮಂಡಲವೋ ಕೆರೆಹಾವೋ ಯಾರಿಗೂ ಗೊತ್ತಿಲ್ಲ. ದೊಡ್ಡ ಲ್ಯಾಬ್ ಇಲ್ಲದ ಕಡೆ ನಮಗಿರುವುದು 20 ನಿಮಿಷದ ಪರೀಕ್ಷೆ. ಸ್ವಚ್ಛವಾದ, ಒಣಗಿದ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ಹಾಕಿ, ಅಲುಗಿಸದೆ ಇಟ್ಟು, 20 ನಿಮಿಷಕ್ಕೆ ಒಮ್ಮೆ ವಾಲಿಸಿ ನೋಡುವುದು. ಹೆಪ್ಪುಗಟ್ಟದಿದ್ದರೆ ವಿಷ ರಕ್ತಕ್ಕೆ ಏರಿದೆ. ನಳಿಕೆಯನ್ನು ಸೋಪಿನ ಪುಡಿಯಲ್ಲಿ ತೊಳೆದಿದ್ದರೆ ಪರೀಕ್ಷೆ ಕೆಟ್ಟಂತೆ. ಪ್ಲಾಸ್ಟಿಕ್ ನಳಿಕೆ ಬಳಸಿದರೂ ಕೆಟ್ಟಂತೆ. ತಪ್ಪು ಉತ್ತರ ಬಂದು, ಬೇಡದವನಿಗೆ ಪ್ರತಿವಿಷ ಏರಿಸುವ ಪ್ರಸಂಗ ಬರುತ್ತದೆ. ನೋಡಿ, ಎಷ್ಟು ಸಣ್ಣ ವಿಷಯ! ನಳಿಕೆ ತೊಳೆದವರಾರು ಎಂದು ಕೇಳುವ ಬುದ್ಧಿ ಬರುವುದು ಅನುಭವಿ ನರ್ಸಿಗೆ. ಅಂಥವರು ತಾಲ್ಲೂಕಿಗೊಬ್ಬರಾದರೂ ಇದ್ದೇ ಇರುತ್ತಾರೆ. ಹೊಸಬರಿಗೆ ಕಲಿಸುವುದು ಅವರ ಕೆಲಸವೆಂದು ಯಾವ ಡ್ಯೂಟಿ ಪಟ್ಟಿಯಲ್ಲೂ ಬರೆದಿರುವುದಿಲ್ಲ, ಕಲಿಸಿದ ಹೊತ್ತನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಿಡಿಯುವುದಾದರೂ ಹೇಗೆ? ಸಾಮಾನ್ಯ ವಾರ್ಡಿನಲ್ಲಿ ಆರು ರೋಗಿಗಳಿಗೆ ಒಬ್ಬ ನರ್ಸು ಎಂಬ ಸರ್ಕಾರಿ ಮಾನದಂಡ ಮೂವತ್ತು ವರ್ಷ ಹಳೆಯದು. ನಿಮ್ಮಲ್ಲಿ ನಿನ್ನೆ ರಾತ್ರಿ ಆರೇ ರೋಗಿಗಳನ್ನು ನೋಡಿದವರು ಕೈ ಎತ್ತಿ ಎಂದರೆ ಎಷ್ಟು ಕೈ ಮೇಲೇಳುತ್ತವೋ ನನಗೆ ಅನುಮಾನ. ಇದು ಬರಿಯ ದಣಿವಿನ ಮಾತಲ್ಲ. ಪೆನ್ಸಿಲ್ವೇನಿಯಾದ ಆಸ್ಪತ್ರೆಗಳ ಮೇಲೆ ಲಿಂಡಾ ಐಕೆನ್ ಮತ್ತು ಸಂಗಡಿಗರು ಮಾಡಿದ ಅಧ್ಯಯನ 2002ರಲ್ಲಿ ಬಂತು. ಶಸ್ತ್ರಚಿಕಿತ್ಸೆಯಾದವರನ್ನು ನೋಡಿಕೊಳ್ಳುವ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆ, ಒಂದು ತಿಂಗಳೊಳಗೆ ರೋಗಿ ಸಾಯುವ ಸಂಭವ ಶೇಕಡಾ 7ರಷ್ಟು ಏರುತ್ತದೆ ಎಂದು ಅದು ಕಂಡಿತು. ‘ಸಿಸ್ಟರ್, ಸಲಾಯನ್ ಮುಗದೈತ್ರಿ’ ಎಂಬ ಮೂರನೇ ಕೂಗಿಗೂ ಹೋಗಲಾಗದವಳ ಮೇಲೆ ಸಿಡುಕುವ ಸಂಬಂಧಿಕರಿಗೂ, ಹುದ್ದೆ ಖಾಲಿ ಬಿಟ್ಟು ಉಳಿತಾಯವೆಂದು ಬೀಗುವ ಆಡಳಿತ ಮಂಡಳಿಗಳಿಗೂ ಈ ಅಂಕಿಯನ್ನು ಗೋಡೆಗೆ ಬರೆದು ತೋರಿಸಬೇಕು.

ಸಂಬಳದ ಮಾತು. ಸುಪ್ರೀಂ ಕೋರ್ಟಿನ 2016ರ ಆದೇಶದಂತೆ ರಚನೆಯಾದ ಸಮಿತಿ ಖಾಸಗಿ ಆಸ್ಪತ್ರೆಗಳಿಗೆ ಸ್ಪಷ್ಟ ಲೆಕ್ಕ ಕೊಟ್ಟಿದೆ. 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ರಾಜ್ಯ ಸರ್ಕಾರದ ನರ್ಸಿಗೆ ಸಮ. 100 ದಾಟಿದ್ದರೆ ಆ ಸಂಬಳದಲ್ಲಿ ಶೇಕಡಾ 10ಕ್ಕಿಂತ ಹೆಚ್ಚು, 50ರಿಂದ 100ರ ನಡುವೆ ಶೇಕಡಾ 25ಕ್ಕಿಂತ ಹೆಚ್ಚು ಕಡಿತ ಮಾಡುವಂತಿಲ್ಲ. 50ಕ್ಕಿಂತ ಚಿಕ್ಕ ಆಸ್ಪತ್ರೆಯಲ್ಲೂ 20,000 ರೂಪಾಯಿಗೆ ಇಳಿಯಬಾರದು. ಈ ಊರುಗಳ ನರ್ಸಿಂಗ್ ಹೋಮುಗಳಲ್ಲಿ ನಿಮಗೆ ಸಿಗುವ ಲಕೋಟೆಯನ್ನು ಇದರ ಪಕ್ಕದಲ್ಲಿಟ್ಟು ನೀವೇ ನೋಡಿಕೊಳ್ಳಿ. ನಾನು ಬಾಯಿಬಿಟ್ಟು ಹೇಳಬೇಕಿಲ್ಲ. ಮೂಲ ಅಂಕಪಟ್ಟಿ ಇಟ್ಟುಕೊಂಡು, ಬಾಂಡ್ ಬರೆಸಿಕೊಂಡು ಕೆಲಸಕ್ಕೆ ತೆಗೆದುಕೊಳ್ಳುವವರ ಬಗ್ಗೆ ಹುಡುಗಿಯರು ನನ್ನ ಬಳಿ ಅತ್ತಿದ್ದಾರೆ. ಬಾಂಡ್ ಸಲ್ಲದೆಂದು ಭಾರತೀಯ ನರ್ಸಿಂಗ್ ಕೌನ್ಸಿಲ್ ಹೇಳಿ ಎಷ್ಟೋ ಕಾಲವಾಯಿತು. ವಿದ್ಯಾರ್ಥಿಗಳೇ, ಮೂಲ ಪ್ರಮಾಣಪತ್ರವನ್ನು ಯಾರ ಕೈಗೂ ಬಿಡಬೇಡಿ. ಝೆರಾಕ್ಸ್ ಕೊಡಿ, ಸಾಕು.

ಇನ್ನು ಸುರಕ್ಷತೆ. ಒಂದು ಹೆಸರು ಹೇಳದೆ ಈ ವಿಷಯ ದಾಟಲಾರೆ. ಹೊನ್ನಾವರ ಬಳಿಯ ಹಳದೀಪುರದ ಅರುಣಾ ಶಾನಭಾಗ ನರ್ಸಿಂಗ್ ಕಲಿತು ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದರು. 1973ರ ನವೆಂಬರ್ 27ರಂದು ಡ್ಯೂಟಿ ಮುಗಿಸಿ ಬಟ್ಟೆ ಬದಲಿಸಲು ಹೋದಾಗ ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ಅವರ ಮೇಲೆ ಎರಗಿದ. 2015ರ ಮೇ 18ರಂದು ತೀರಿಕೊಳ್ಳುವವರೆಗೆ ಅವರು ಹಾಸಿಗೆ ಬಿಟ್ಟು ಏಳಲಿಲ್ಲ. ಆ ನಾಲ್ಕು ದಶಕ ಅವರನ್ನು ತೊಳೆದು, ತಿನ್ನಿಸಿ, ನೋಡಿಕೊಂಡವರು ಕೆಇಎಂನ ನರ್ಸುಗಳು, ತಲೆಮಾರಿನಿಂದ ತಲೆಮಾರಿಗೆ. ದಯಾಮರಣದ ಅರ್ಜಿಯನ್ನು 2011ರಲ್ಲಿ ತಳ್ಳಿಹಾಕುವಾಗ ಸುಪ್ರೀಂ ಕೋರ್ಟ್ ಆ ನರ್ಸುಗಳ ಮಾತಿಗೆ ಬೆಲೆ ಕೊಟ್ಟಿತು. ಅವರ ಸೇವೆಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಮಾತ್ರ ಮೊದಲು ನೆನಪಾಗುವುದು ಬಟ್ಟೆ ಬದಲಿಸುವ ಸುರಕ್ಷಿತ ಕೋಣೆ ಅರುಣಾ ಅವರಿಗೆ ಇರಲಿಲ್ಲ ಎಂಬುದು. ನಿಮ್ಮ ಆಸ್ಪತ್ರೆಯಲ್ಲಿ ಒಳಗಿನಿಂದ ಚಿಲಕ ಬೀಳುವ ಕೋಣೆ ಇದೆಯೇ? ಸಂಜೆ ಡ್ಯೂಟಿ ಮುಗಿದು ಕೊನೆಯ ಬಸ್ಸು ತಪ್ಪಿದವಳು ಯರಗಟ್ಟಿ ಕ್ರಾಸಿನಲ್ಲಿ ಯಾರ ನಂಬಿಕೆಯ ಮೇಲೆ ನಿಲ್ಲಬೇಕು?

ಈಗ ಬೆಳವಣಿಗೆಗೆ ಬರೋಣ. ಸರ್ಕಾರಿ ಹುದ್ದೆ ಸಿಕ್ಕವರು ವರ್ಷಗಟ್ಟಲೆ ಕಾದು ಹಿರಿಯ ಶುಶ್ರೂಷಾಧಿಕಾರಿ ಆಗುತ್ತಾರೆ. ಸೂಪರಿಂಟೆಂಡೆಂಟ್ ಆಗುವ ಹೊತ್ತಿಗೆ ಕೈಯಲ್ಲಿ ಇರುವುದು ಸ್ಟಾಕ್ ರಿಜಿಸ್ಟರ್ ಮತ್ತು ರಜೆ ಅರ್ಜಿ. ಎಂ.ಎಸ್ಸಿ. ಮಾಡಿದವರು ಕಾಲೇಜು ಸೇರುತ್ತಾರೆ, ವಾರ್ಡಿಗೆ ಹಿಂತಿರುಗುವುದು ಅಪರೂಪ. ಉಪಕೇಂದ್ರಗಳಲ್ಲಿ ಬಿ.ಎಸ್ಸಿ. ನರ್ಸುಗಳನ್ನು ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ಕೂರಿಸಿದ್ದು ಇತ್ತೀಚಿನ ಒಳ್ಳೆಯ ಹೆಜ್ಜೆ. ಬಿಪಿ, ಶುಗರ್ ನೋಡಿ ಮಾತ್ರೆ ಕೊಡುವ, ತಾನೇ ನಿರ್ಣಯಿಸುವ ಅವಕಾಶ ಅಲ್ಲಿದೆ. ಆದರೆ ಅವರ ನೇಮಕ ಗುತ್ತಿಗೆಯದು. ಒಂದು ಹಳ್ಳಿಯ ವಿಶ್ವಾಸ ಗಳಿಸಲು ವರ್ಷಗಳು ಬೇಕು. ಗುತ್ತಿಗೆ ನವೀಕರಣದ ಚಿಂತೆ ಮಾತ್ರ ವರ್ಷಕ್ಕೊಮ್ಮೆ ಬರುತ್ತದೆ. ಇದರ ಜೊತೆಗೆ ತೀವ್ರ ನಿಗಾ ಘಟಕಕ್ಕೂ ಹೆರಿಗೆಗೂ ನರ್ಸ್ ಪ್ರಾಕ್ಟಿಷನರ್ ಕೋರ್ಸುಗಳು ಬಂದಿವೆ. ಓದಿದವರಿಗೆ ತಕ್ಕ ಹುದ್ದೆ ಸಾಕಷ್ಟು ಸೃಷ್ಟಿಯಾಗಿಲ್ಲ. 1947ರ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂದಿದೆಯಲ್ಲ, ಈ ಗಂಟನ್ನು ಅದು ಬಿಡಿಸುವುದೋ ಇಲ್ಲವೋ ಎಂದು ನೋಡಬೇಕು.

ಹೀಗಿರುವಾಗ ಹುಡುಗ ಹುಡುಗಿಯರು ಜರ್ಮನ್ ಕಲಿಯಲು, ಗಲ್ಫಿನ ಪರೀಕ್ಷೆ ಬರೆಯಲು ಬೆಳಗಾವಿ, ಹುಬ್ಬಳ್ಳಿಯ ಬಸ್ಸು ಹತ್ತಿದರೆ ನಾನು ಬೈಯುವುದಿಲ್ಲ. ಜಗತ್ತಿನಲ್ಲಿ ಇನ್ನೂ 58 ಲಕ್ಷ ನರ್ಸುಗಳ ಕೊರತೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಹೇಳುತ್ತದೆ, ಕರೆಯುವವರು ಕರೆಯುತ್ತಲೇ ಇರುತ್ತಾರೆ. ಹೋಗುವವರು ಏಜೆಂಟರ ಮಾತಿಗೆ ಮನೆಯ ಹೊಲ ಒತ್ತೆ ಇಡಬೇಡಿ, ಅಷ್ಟೇ. ಒಂದು ಮಾತು ಮಾತ್ರ ಕೇಳಿ: ಅಲ್ಲಿ ಕೂಡ ನಿಮ್ಮನ್ನು ಅಳೆಯುವುದು ಇಲ್ಲಿ ಎರಡು ವರ್ಷ ವಾರ್ಡಿನಲ್ಲಿ ಏನು ಮಾಡಿದಿರಿ ಎಂಬುದರಿಂದಲೇ.

ಕನ್ನಡ ಮಾಧ್ಯಮದಿಂದ ಬಂದವರ ಅಂಜಿಕೆಯನ್ನೂ ನಾನು ಬಲ್ಲೆ. ಪುಸ್ತಕ ಇಂಗ್ಲಿಷಿನದು, ವೈವಾ ಇಂಗ್ಲಿಷಿನದು. ಆದರೆ ಎಲ್ಲಮ್ಮನ ಗುಡ್ಡದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಹಾಕಿದ ತಾತ್ಕಾಲಿಕ ಚಿಕಿತ್ಸಾ ಶಿಬಿರದಲ್ಲಿ, ಕಬ್ಬು ಕಡಿಯಲು ಗಡಿಯಾಚೆಯಿಂದ ಬಂದ ಬಸುರಿ ಮರಾಠಿಯಲ್ಲಿ ನೋವು ಹೇಳುವಾಗ, ಯಾವ ಭಾಷೆ ಬೇಕಾಗುತ್ತದೆ? ಔಷಧದ ಹೆಸರು, ಪ್ರಮಾಣ ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಬರಲಿ. ಉಳಿದದ್ದರಲ್ಲಿ ನೀವೇ ಮುಂದಿದ್ದೀರಿ.

ಇವತ್ತಿನ ಗೋಷ್ಠಿಗಳಿಂದ ನಾನು ಬಯಸುವುದು ಹೆಚ್ಚೇನಲ್ಲ. ಹೊಸ ನರ್ಸಿಗೆ ಮೊದಲ ಆರು ತಿಂಗಳು ಒಬ್ಬ ಹಿರಿಯ ನರ್ಸಿನ ಜೋಡಿ ಇರಬೇಕು, ಮೊದಲ ಮೂರು ತಿಂಗಳು ಒಂಟಿ ನೈಟ್ ಇರಬಾರದು, ಕಲಿಸುವ ಹಿರಿಯರಿಗೆ ಆ ಹೊತ್ತಿಗೆ ರೋಗಿಗಳ ಸಂಖ್ಯೆ ತಗ್ಗಬೇಕು ಮತ್ತು ಅದಕ್ಕೆ ಭತ್ಯೆ ಸಿಗಬೇಕು ಎಂದು ಒಂದು ಪುಟದ ಕರಡು ಬರೆದು ಸಂಘಟಕರ ಕೈಗೆ ಕೊಟ್ಟಿದ್ದೇನೆ. ಕೊನೆಯ ಅಂಶಕ್ಕೆ ಆಸ್ಪತ್ರೆ ಮಾಲೀಕರು ಒಪ್ಪುವುದು ಕಷ್ಟ, ಅದಕ್ಕೇ ಅವರನ್ನೂ ಕರೆಸಿದ್ದಾರೆ. ಮಧ್ಯಾಹ್ನದ ಗೋಷ್ಠಿಯಲ್ಲಿ ಅದನ್ನು ತಿದ್ದಿ, ಬೇಡವೆನಿಸಿದರೆ ಹರಿದುಹಾಕಿ ಬೇರೆ ಬರೆಯಿರಿ. ಸಂಜೆ ಇಲ್ಲಿ ಓದಿ, ಸಹಿ ಹಾಕಿ, ನಾಲ್ಕೂ ತಾಲ್ಲೂಕುಗಳ ಆರೋಗ್ಯ ಅಧಿಕಾರಿಗಳಿಗೆ ತಲುಪಿಸೋಣ.